ಎಡಕ್ಕೆ ಆರು ಡಿಗ್ರಿ

ನೈವಾಶಾ ಕೆರೆಯಾಚೆ, ಬೂದಿಗುಡ್ಡದ ಬೆನ್ನಿಗೆ ನಮ್ಮ ರಿಗ್ಗು.
ನಾನೂರು ಮೀಟರು ನೆಟ್ಟಗೆ ಇಳಿದೆವು,
ಬಾವಿ ಎಂದರೆ ಎಲ್ಲರೂ ಅಂದುಕೊಳ್ಳುವ ಹಾಗೆ.
ಆಮೇಲೆ ಬಗ್ಗಿಸಬೇಕು.

ಬಗ್ಗಿಸುವುದು ನನ್ನ ಕೆಲಸ. ಹೆಸರು ಗಥೋನಿ.
ಸಂಜೆ ಆರರಿಂದ ಬೆಳಗಿನ ಆರರವರೆಗೆ
ತಗಡಿನ ಕೋಣೆಯಲ್ಲಿ ಕೂತು
ಯಾರೂ ಹೋಗದ ಕಡೆಗೆ ದಾರಿ ಹೇಳುತ್ತೇನೆ.

ಕಬ್ಬಿಣಕ್ಕೆ ಅದರದೇ ಹಟ.
ಮೇಲೆ ಒಂದು ಸುತ್ತು ಕೊಟ್ಟರೆ ತಳ ಮುಟ್ಟುವುದು ಮುಕ್ಕಾಲು;
ಉಳಿದ ಕಾಲನ್ನು ನಡುದಾರಿಯ ಪೈಪುಗಳು
ಹಂಚಿಕೊಂಡು ತಿಂದಿರುತ್ತವೆ.
ಕಾಯಬೇಕು. ಎರಡು ಸಲ ಎತ್ತಿ ಇಳಿಸಬೇಕು,
ತೂಕಡಿಸುವ ಮಗುವಿನ ಭುಜ ಅಲುಗಿಸಿದಂತೆ.
ಆಗ ತಿರುಗುತ್ತದೆ,
ಒಮ್ಮೊಮ್ಮೆ ಕೇಳಿದ್ದಕ್ಕಿಂತ ಹೆಚ್ಚು.

ತನುಯಿ ಅಜ್ಜ ಹೇಳಿಕೊಟ್ಟದ್ದು ಇದು:
ಕೊರೆಯುವ ಹಲ್ಲು ಬಲಕ್ಕೆ ಸುತ್ತುತ್ತದೆ, ಬಲಕ್ಕೇ ಜಾರುತ್ತದೆ,
ಕುಡುಕ ಒಂದೇ ಬದಿಯ ಬೇಲಿ ಸವರಿಕೊಂಡು ಮನೆಗೆ ಹೋದ ಹಾಗೆ.
ಗುರಿಯ ಕಡೆಗೇ ಹೊರಡಬೇಡ ಮಗಳೇ,
ಎಡಕ್ಕೆ ಆರು ಡಿಗ್ರಿ ಹಿಡಿ.
ಉಳಿದದ್ದನ್ನು ಅದರ ಚಟವೇ ನೋಡಿಕೊಳ್ಳುತ್ತದೆ.

ಅವರ ಕಾಲದಲ್ಲಿ ತಂತಿಗೆ ಕಟ್ಟಿ ಕ್ಯಾಮೆರಾ ಇಳಿಸುತ್ತಿದ್ದರು.
ಕತ್ತಲೆ ಗುಡಿಸಲಲ್ಲಿ ತೊಳೆದರೆ ಶಿಲ್ಲಿಂಗಿನಷ್ಟಗಲ ಫಿಲ್ಮು,
ಬಳೆಯೊಳಗೆ ಬಳೆ, ಅವುಗಳ ನಡುವೆ ಎಲ್ಲೋ ಒಂದು ಚುಕ್ಕೆ.
ಇಲ್ಲಿದ್ದೇವೆ ಎನ್ನುವಷ್ಟರಲ್ಲಿ ಅಲ್ಲಿರುತ್ತಿರಲಿಲ್ಲ.
ಈಗಲೂ ಅಷ್ಟೇ.
ನನ್ನ ಸಲಕರಣೆಯ ಕಣ್ಣು ಹಲ್ಲಿನ ಹಿಂದೆ ಹದಿನೈದು ಮೀಟರಿನಲ್ಲಿದೆ;
ಕೆಸರಿನ ನಾಡಿ ಮಿಡಿದು ಮೇಲೆ ಬರುವುದು
ಹಳೆಯ ಸುದ್ದಿ.

ಮೊನ್ನೆ ರಾತ್ರಿ ಅದೂ ನಿಂತಿತು.
ಎರಡು ಸಾವಿರದ ನೂರು ಮೀಟರಿನಲ್ಲಿ
ಬಿಸಿಗೆ ಸಲಕರಣೆ ಸತ್ತಿತು. ಬಿರುಕೊಂದು ನೀರನ್ನೆಲ್ಲ ಕುಡಿದು
ಒಂದು ಹನಿಯೂ ಮರಳಿಸಲಿಲ್ಲ.
ನಿಲ್ಲಿಸಬೇಡ, ಎಂದ ಒಡುವೊರ್ ಫೋನಿನಲ್ಲಿ,
ರಿಗ್ಗಿನ ದಿನಬಾಡಿಗೆ ನಿನ್ನ ತಲೆಗೆ ಕಟ್ಟಲೇ?
ನಿಲ್ಲಿಸಿದೆ. ಹಳೆಯ ಕ್ಯಾಮೆರಾ ತರಲು ಜೀಪು ಹೋಯಿತು.

ಬೆಳಗ್ಗೆ ನಿದ್ದೆ ಹತ್ತಲಿಲ್ಲ.
ಕೊನೆಯ ಅಂಕಿಯನ್ನು ಅಂಗೈಯಲ್ಲಿ ಬರೆದುಕೊಂಡು
ವಾಯವ್ಯಕ್ಕೆ ಹೊರಟೆ, ಹೆಜ್ಜೆ ಎಣಿಸುತ್ತ.
ಐನೂರ ಐವತ್ತು ಮೀಟರು: ಲೆಲೆಶ್ವಾ ಪೊದೆ, ಸಗಣಿ,
ಮುಳ್ಳುಬೇಲಿ, ಬೇಲಿಯೊಳಗೆ ನೂನ್‌ಕಿಪಾ
ಸೋರೆಬುರುಡೆಗೆ ಹಾಲು ಕರೆಯುತ್ತಿದ್ದಳು.

ನಿಮ್ಮ ಯಂತ್ರ ಈಗ ಎಲ್ಲಿದೆ?
ನಿನ್ನ ಹಸುವಿನ ಕೆಳಗೆ, ಎರಡು ಕಿಲೋಮೀಟರು.
ಇರಬಹುದು, ಎಂದು ಸೇರಿಸಿದೆ.

ಅವಳು ಹಸುವನ್ನು ನೋಡಿದಳು. ಹಸು ನನ್ನನ್ನು.
ನೊರೆ ಏರುವ ಸದ್ದು ನಿಲ್ಲಲಿಲ್ಲ.

ನೀರು ತರುತ್ತೀರಾ?
ಇಲ್ಲ, ಹಬೆ. ದೀಪಕ್ಕೆ.
ತಲೆಯ ಮೇಲೆ ನೈರೋಬಿಯ ಕಡೆಗೆ ಹೋಗುವ ತಂತಿಗಳು
ಇಬ್ಬನಿಯಲ್ಲಿ ಗುಂಯ್ ಎನ್ನುತ್ತಿದ್ದವು.
ಅವಳ ಮಣ್ಣುಮನೆಯ ಬಾಗಿಲೊಳಗೆ
ಸೀಮೆಎಣ್ಣೆ ಬುಡ್ಡಿ ಇನ್ನೂ ಆರಿರಲಿಲ್ಲ.

ಮೇವಿನ ನೆಲಕ್ಕೆ ಧಕ್ಕೆಯಾಗದಿರಲೆಂದೇ
ಬಾವಿಯನ್ನು ಬಗ್ಗಿಸಿದ್ದು, ಎಂದೆ,
ತರಬೇತಿಯಲ್ಲಿ ನಮಗೆ ಹೇಳಿದ್ದ ಧಾಟಿಯಲ್ಲೇ.

ನೂನ್‌ಕಿಪಾ ಕೆಚ್ಚಲು ಬಿಟ್ಟು ಕೈ ಒರೆಸಿಕೊಂಡಳು.
ಕಲ್ಲನ್ನೇ ಕೊರೆದು ಅಷ್ಟು ದೂರ ಬಗ್ಗಿಸುವವಳು
ಆ ತಂತಿಯನ್ನೊಂದಿಷ್ಟು ಈ ಕಡೆ ಬಗ್ಗಿಸಲಾರೆಯಾ?

ಅದು ಬೇರೆ ಇಲಾಖೆ, ಎಂದೆನೇ?
ಎಂದೆ. ಹಾಲು ಕೊಟ್ಟಳು, ಕುಡಿದೆ.
ಹೊಗೆಯ ವಾಸನೆಯಿತ್ತು.

ಸಂಜೆ ಕ್ಯಾಮೆರಾ ಇಳಿಯಿತು, ಚುಕ್ಕೆ ಬಂತು.
ತನುಯಿ ಕನ್ನಡಕ ಹಣೆಗೇರಿಸಿ ಫಿಲ್ಮನ್ನು ದೀಪಕ್ಕೆ ಹಿಡಿದರು:
ಬಲಕ್ಕೆ ಸರಿದು ಸರಿದು
ಗುರಿಯ ಗೆರೆಯ ಮೇಲೆಯೇ ಬಂದು ಕೂತಿದೆ.
ನಾನು ಹೇಳಲಿಲ್ಲವೇ, ಎಂದರು.

ಹೇಳಿದ್ದಿರಿ.
ಪಂಪು ಶುರು ಮಾಡಿ ಎಂದು ಕೂಗಿದೆ ಹೊರಗಿನ ಹುಡುಗರಿಗೆ.
ಆ ಬೆಟ್ಟದ ಕಡೆ ಬುಡ್ಡಿಯ ಬೆಳಕೊಂದು
ಎದ್ದು, ಓಡಾಡಿ, ಕೂತಿತು.
ನಾಳೆ ಈ ಹೊತ್ತಿಗೆ ಹಲ್ಲು
ಅವಳ ಮನೆ ದಾಟಿರುತ್ತದೆ.